ನೋವಿನ ಪರ ವಕಾಲತ್ತು: ಪಾಲ್ ಬ್ರ್ಯಾಂಡ್ ಅವರನ್ನು ನೆನೆಯುತ್ತ

ಡಾ. ಪಾಲ್ ಬ್ರ್ಯಾಂಡ್ ತೀರಿಕೊಂಡದ್ದು 2003ರ ಜುಲೈ 8ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಕುಷ್ಠರೋಗಿಗಳ ಕೈಕಾಲುಗಳು ಏಕೆ ಹಾಳಾಗುತ್ತವೆ ಎಂಬ ಪ್ರಶ್ನೆಗೆ ಜಗತ್ತು ಇಂದು ಕೊಡುವ ಉತ್ತರದ ಬಹುಪಾಲನ್ನು ಈ ಶಸ್ತ್ರವೈದ್ಯರೂ ಅವರ ಸಂಗಡಿಗರೂ ವೆಲ್ಲೂರಿನ ಆಸುಪಾಸಿನಲ್ಲಿ ಕಂಡುಕೊಂಡರು. ಚೆನ್ನೈ ಕನ್ನಡಿಗರಾದ ನಮಗೆ ವೆಲ್ಲೂರು ಹೊಸ ಊರಲ್ಲ. ಬೆಂಗಳೂರಿಗೆ ಹೋಗುವ ರೈಲು ಕಾಟ್ಪಾಡಿಯಲ್ಲಿ ನಿಂತಾಗ ಎಕ್ಸ್‌ರೇ ಲಕೋಟೆಗಳನ್ನು ಎದೆಗವಚಿಕೊಂಡು ಇಳಿಯುವವರನ್ನು, ಹತ್ತುವವರನ್ನು ನಾವೆಲ್ಲ ಕಂಡಿದ್ದೇವೆ; ಅವರಲ್ಲಿ ನಮ್ಮ ನಂಟರಿಷ್ಟರೂ ಇದ್ದಾರೆ. ಆದರೆ ಬ್ರ್ಯಾಂಡ್ ಎಂಬ ಹೆಸರು ನಮ್ಮ ಮಾತುಕತೆಯಲ್ಲಿ ಬರುವುದು ಅಪರೂಪ. ಬಂದರೂ ಅದು ಅರ್ಧ ಮನುಷ್ಯನ ಹೆಸರಾಗಿ ಬರುತ್ತದೆ ಎಂಬುದು ನನ್ನ ತಕರಾರು.

ಅರ್ಧ ಎಂದೆ. ಚರ್ಚಿನ ಪತ್ರಿಕೆಗಳಲ್ಲಿ ಅವರು ಸಂತರು. ರೋಗಿಯನ್ನು ಮುಟ್ಟಿದರು, ಪ್ರೀತಿಸಿದರು, ದೇವರ ಮಹಿಮೆಯನ್ನು ಸಾರಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಸ್ನಾಯುರಜ್ಜು, ನರ, ಒತ್ತಡದ ಲೆಕ್ಕಾಚಾರ ಯಾವುದೂ ಅಲ್ಲಿಲ್ಲ. ವೈದ್ಯಕೀಯ ಪುಸ್ತಕಗಳಲ್ಲಿ ಅವರು ಒಂದು ಶಸ್ತ್ರಕ್ರಿಯೆಯ ಹೆಸರು ಮಾತ್ರ. ಅವರು ಏನನ್ನು ನಂಬಿದ್ದರು ಎಂಬುದು ಅಲ್ಲಿ ಅಪ್ರಸ್ತುತ. ನಮ್ಮ ನಡುವೆ ಮೂರನೆಯ ಬಗೆಯ ಓದೂ ಒಂದಿದೆ. ಮಿಷನ್ ಆಸ್ಪತ್ರೆ ಎಂದೊಡನೆ ಮತಾಂತರ ಎಂಬ ಒಂದೇ ಪದದಲ್ಲಿ ಲೆಕ್ಕ ಚುಕ್ತಾ ಮಾಡಿ ಎದ್ದು ಹೋಗುವ ಓದು ಅದು. ಈ ಮೂರರಲ್ಲಿ ಯಾವುದನ್ನು ಹಿಡಿದರೂ ಬ್ರ್ಯಾಂಡ್ ಅವರ ವಿಜ್ಞಾನ ಹುಟ್ಟಿದ ಬಗೆ ತಿಳಿಯುವುದಿಲ್ಲ.

ಕನ್ನಡಿಗರಿಗೆ ಈ ಕತ್ತರಿಸುವ ಕೆಲಸ ಚೆನ್ನಾಗಿ ರೂಢಿಯಾಗಿದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ನಿಘಂಟನ್ನು ಕೊಟ್ಟರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದೆವು, ಕನ್ನಡದ ಸೇವಕ ಎಂದು ಕೊಂಡಾಡಿದೆವು. ಪಾದ್ರಿಯೊಬ್ಬ ಹಳಗನ್ನಡದ ಛಂದಸ್ಸಿಗೆ ಏಕೆ ಅಷ್ಟು ವರ್ಷ ತೆತ್ತ ಎಂಬ ಪ್ರಶ್ನೆಯನ್ನು ಮಾತ್ರ ಮೀನಿನ ಮುಳ್ಳಿನಂತೆ ಬದಿಗಿಟ್ಟೆವು. ಕೃತಜ್ಞತೆಗೆ ಇದು ಅನುಕೂಲ; ತಿಳಿವಳಿಕೆಗೆ ನಷ್ಟ.

ಕೊಲ್ಲಿಮಲೆ ಇಂದಿನ ನಾಮಕ್ಕಲ್ ಜಿಲ್ಲೆಯಲ್ಲಿದೆ. ಬ್ರ್ಯಾಂಡ್ ಅವರ ತಂದೆ ಜೆಸ್ಸಿ, ತಾಯಿ ಎವೆಲಿನ್ ಇಬ್ಬರೂ ಇಂಗ್ಲೆಂಡಿನಿಂದ ಬಂದ ಬ್ಯಾಪ್ಟಿಸ್ಟ್ ಮಿಷನರಿಗಳು. ಅವರು ಬಂದದ್ದು ಧರ್ಮಪ್ರಚಾರಕ್ಕೆಂದೇ. ಅದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ಮಲೆಯ ಮೇಲೆ ರಸ್ತೆಯಿರಲಿಲ್ಲ, ಮಲೇರಿಯಾ ಇತ್ತು. ಜೆಸ್ಸಿ ಅಲ್ಪಸ್ವಲ್ಪ ವೈದ್ಯ ಕಲಿತಿದ್ದರು, ಮನೆ ಕಟ್ಟಬಲ್ಲವರಾಗಿದ್ದರು. ಪಾಲ್ ಒಂಬತ್ತನೆಯ ವಯಸ್ಸಿನಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೋದರು. ಮತ್ತೆ ತಂದೆಯ ಮುಖವನ್ನು ಕಾಣಲಿಲ್ಲ. 1929ರಲ್ಲಿ ಜೆಸ್ಸಿ ಮಲೇರಿಯಾದ ಉಗ್ರರೂಪವಾದ ಬ್ಲ್ಯಾಕ್‌ವಾಟರ್ ಜ್ವರಕ್ಕೆ ಬಲಿಯಾದರು. ಸಾವಿನ ಸುದ್ದಿ ತಂತಿಯಲ್ಲಿ ಬಂತು. ತಂದೆ ಬದುಕಿದ್ದಾಗ ಬರೆದ ಪತ್ರಗಳು ಹಡಗಿನಲ್ಲಿ ಆಮೇಲೆ ಬಂದವು. ಹದಿನೈದು ತುಂಬದ ಹುಡುಗ ಅವನ್ನು ಹೇಗೆ ಓದಿರಬೇಕು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಹುಡುಗನಿಗೆ ವೈದ್ಯನಾಗುವ ಮನಸ್ಸಿರಲಿಲ್ಲ. ಚಿಕ್ಕಂದಿನಲ್ಲಿ ಮನೆಯಂಗಳದಲ್ಲಿ ಕಂಡ ಕೀವು, ರಕ್ತ ಅವನಲ್ಲಿ ಹೇಸಿಗೆಯನ್ನು ಉಳಿಸಿದ್ದವು. ತಂದೆಯಂತೆ ಕಟ್ಟುವವನಾಗಬೇಕು ಎಂದು ಅವನು ಗಾರೆ ಕೆಲಸ, ಕಲ್ಲುಕೆಲಸ, ಮರಗೆಲಸವನ್ನು ವರ್ಷಗಟ್ಟಲೆ ಕಲಿತ. ಮಿಷನರಿಯಾಗಿ ಹೊರಡುವವರಿಗೆ ಕೊಡುವ ಪ್ರಾಥಮಿಕ ವೈದ್ಯಕೀಯ ತರಬೇತಿಯಲ್ಲಿ ಮನಸ್ಸು ಬದಲಾಯಿಸಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯನ್ನು ಸೇರಿದ. ಬಾಂಬು ಬೀಳುತ್ತಿದ್ದ ಲಂಡನ್ನಿನಲ್ಲಿ ಶಸ್ತ್ರವೈದ್ಯನಾದ. ಗಾರೆಯವನ ಕೈ ಮುಂದೆ ಎಲ್ಲೆಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ನೋಡಿದರೆ ಆ ವರ್ಷಗಳು ವ್ಯರ್ಥವಾದವೆಂದು ಯಾರೂ ಹೇಳಲಾರರು.

1946ರಲ್ಲಿ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕರೆಸಿಕೊಂಡವರು ರಾಬರ್ಟ್ ಕಾಕ್ರೇನ್, ಕುಷ್ಠರೋಗ ತಜ್ಞರು. ಚೆಂಗಲ್ಪಟ್ಟಿನ ಲೇಡಿ ವಿಲ್ಲಿಂಗ್ಡನ್ ಕುಷ್ಠಧಾಮ ಅವರ ಕಾರ್ಯಕ್ಷೇತ್ರವಾಗಿತ್ತು. ಒಮ್ಮೆ ಬ್ರ್ಯಾಂಡ್ ಅವರನ್ನು ಅಲ್ಲಿಗೆ ಕರೆದೊಯ್ದರು. ತೋಟವನ್ನು ತೋರಿಸುತ್ತ, ಚರ್ಮದ ಮಚ್ಚೆಗಳನ್ನು ವಿವರಿಸುತ್ತ ನಡೆದರು. ಬ್ರ್ಯಾಂಡ್ ಅವರ ಕಣ್ಣು ಮಾತ್ರ ರೋಗಿಗಳ ಕೈಗಳ ಮೇಲಿತ್ತು. ಹದ್ದಿನ ಉಗುರಿನಂತೆ ಒಳಕ್ಕೆ ಬಾಗಿದ ಬೆರಳುಗಳು, ಮೊಂಡಾದ ಬೆರಳುಗಳು, ಬೆರಳೇ ಇಲ್ಲದ ಅಂಗೈಗಳು. ಇವು ಹೀಗೇಕಾದವು, ಮೂಳೆವೈದ್ಯರು ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ಲಕ್ಷಾಂತರ ಜನರ ಕೈಗಳನ್ನು ಊನಗೊಳಿಸುವ ಈ ರೋಗವನ್ನು ಮೂಳೆವೈದ್ಯರು ಅಧ್ಯಯನ ಮಾಡಿಯೇ ಇಲ್ಲ ಎಂಬ ಉತ್ತರ ಬಂತು. ರೋಗಿಯೊಬ್ಬನಿಗೆ ತಮ್ಮ ಕೈಯನ್ನು ಹಿಸುಕಲು ಹೇಳಿದರು. ಸತ್ತಂತಿದ್ದ ಆ ಕೈ ನೋವಾಗುವಷ್ಟು ಬಲವಾಗಿ ಹಿಸುಕಿತು.

ಆ ಹಿಸುಕುವಿಕೆಯಲ್ಲಿ ಒಂದು ಸುಳಿವಿತ್ತು. ಕೈ ಕೊಳೆಯುತ್ತಿಲ್ಲ, ಕೆಲವು ಸ್ನಾಯುಗಳು ಮಾತ್ರ ನಿಶ್ಚೇಷ್ಟಿತವಾಗಿವೆ, ಉಳಿದವು ಗಟ್ಟಿಯಾಗಿವೆ. ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದಾಗ ಈ ನಿಶ್ಚೇಷ್ಟತೆಗೆ ಒಂದು ಕ್ರಮವಿರುವುದು ಕಂಡಿತು. ಮೊಣಕೈಯ ಹತ್ತಿರ, ಮಣಿಕಟ್ಟಿನ ತುಸು ಮೇಲೆ, ಮೊಣಕಾಲಿನ ಪಕ್ಕದಲ್ಲಿ, ಹೀಗೆ ಕೆಲವೇ ತಾಣಗಳಲ್ಲಿ ನರ ಊದಿಕೊಂಡಿರುತ್ತದೆ. ಆ ತಾಣದಿಂದ ಕೆಳಗಿನ ಸ್ನಾಯುಗಳು ಸೋಲುತ್ತವೆ, ಮೇಲಿನವು ಉಳಿಯುತ್ತವೆ. ಆ ತಾಣಗಳೇ ಏಕೆ? ರೋಗಿಯೊಬ್ಬ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ನರಗಳನ್ನು ಉದ್ದಕ್ಕೂ ಬಿಡಿಸಿ ನೋಡಿದರು. ಊದಿಕೊಂಡದ್ದು ನರವು ಚರ್ಮಕ್ಕೆ ಹತ್ತಿರವಾಗಿ ಹಾಯುವ ಕಡೆ, ಅಂದರೆ ದೇಹ ತುಸು ತಂಪಾಗಿರುವ ಕಡೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದ ರೋಗಾಣು ತಂಪನ್ನು ಬಯಸುತ್ತದೆ ಎಂಬ ಊಹೆಗೆ ಇದು ಬಲ ಕೊಟ್ಟಿತು. ಮುಂದೆ ಇಲಿಯ ಪಾದದಲ್ಲಿ, ಮೈಬಿಸಿ ಕಡಿಮೆಯಿರುವ ಆರ್ಮಡಿಲೊ ಎಂಬ ಪ್ರಾಣಿಯಲ್ಲಿ ಆ ರೋಗಾಣುವನ್ನು ಇತರ ವಿಜ್ಞಾನಿಗಳು ಬೆಳೆಸಿದಾಗ ಈ ಮಾತು ದೃಢವಾಯಿತು.

ಉಳಿದದ್ದು ಕುಶಲಕರ್ಮಿಯ ಕೆಲಸ. ಮುಂಗೈಯ ಸ್ವಸ್ಥ ಸ್ನಾಯುವೊಂದರ ರಜ್ಜುವನ್ನು ಬಿಡಿಸಿ, ಚರ್ಮದಡಿಯಲ್ಲಿ ಹಾಯಿಸಿ, ಸೋತ ಬೆರಳುಗಳಿಗೆ ಹೊಸದಾಗಿ ಕಟ್ಟುವುದು. ಪೋಲಿಯೊ ರೋಗಿಗಳಿಗೆ ಇಂಥ ಶಸ್ತ್ರಕ್ರಿಯೆಗಳು ನಡೆಯುತ್ತಿದ್ದವು. ಕುಷ್ಠರೋಗಿಗೆ ಮಾಡಿ ಫಲವಿಲ್ಲ, ಆ ಮಾಂಸ ಕೂಡುವುದಿಲ್ಲ ಎಂಬುದು ಅಂದಿನ ನಂಬಿಕೆ. ಸಾಮಾನ್ಯ ಆಸ್ಪತ್ರೆಯಲ್ಲಿ ಅವರಿಗೆ ಹಾಸಿಗೆ ದೊರಕಿಸುವುದೇ ಕಷ್ಟವಾಗಿತ್ತು. ಆದರೂ ಕೈಗಳು ಬಿಚ್ಚಿಕೊಂಡವು. ಹುಣ್ಣಾದ ಪಾದಗಳಿಗೆ ಪ್ಲಾಸ್ಟರ್ ಹಾಕಿ ಒತ್ತಡ ಬೀಳದಂತೆ ಬಿಟ್ಟರೆ, ಮಾಯದ ಮಾಂಸ ಎನಿಸಿಕೊಂಡದ್ದು ಎಲ್ಲರ ಮಾಂಸದಂತೆಯೇ ಮಾಯಿತು. ಪ್ಲಾಸ್ಟರಿನ ಉಪಾಯವನ್ನು ಬ್ರ್ಯಾಂಡ್ ಹುಟ್ಟಿಸಲಿಲ್ಲ. ಅದರಿಂದ ಹೊರಡುವ ತೀರ್ಮಾನವನ್ನು ಕೊನೆಯವರೆಗೂ ಬೆನ್ನಟ್ಟಿದರು.

ಆ ತೀರ್ಮಾನ ಹೀಗಿದೆ. ರೋಗಾಣು ಬೆರಳನ್ನು ತಿನ್ನುವುದಿಲ್ಲ. ಅದು ನೋವನ್ನು ಕೊಲ್ಲುತ್ತದೆ. ಉಳಿದುದನ್ನು ರೋಗಿಯೇ ಅರಿಯದೆ ಮಾಡಿಕೊಳ್ಳುತ್ತಾನೆ. ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲಾರದೆ ಬ್ರ್ಯಾಂಡ್ ಒದ್ದಾಡುತ್ತಿದ್ದಾಗ ಸಣಕಲು ಹುಡುಗನೊಬ್ಬ ಬಂದು ಕೀಲಿಯನ್ನು ಸಲೀಸಾಗಿ ತಿರುವಿದ. ಅವನ ಬೆರಳು ಮೂಳೆ ಕಾಣುವಂತೆ ಸೀಳಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ನೋವಿರುವ ನಾವು ಬೀಗ ತೆಗೆಯಲಾಗದೆ ಸೋಲುತ್ತೇವೆ, ಬೆರಳನ್ನು ಉಳಿಸಿಕೊಳ್ಳುತ್ತೇವೆ. ರಾತ್ರಿ ಇದ್ದ ಬೆರಳ ತುದಿ ಬೆಳಗಾಗುವಷ್ಟರಲ್ಲಿ ಕಾಣೆಯಾಗುತ್ತಿದ್ದುದಕ್ಕೆ ಕಾರಣ ಹುಡುಕಲು ಕಾವಲು ಕೂತರು. ಇಲಿ ಬಂದು ಮಲಗಿದವನ ಬೆರಳನ್ನು ಮೆಲ್ಲುತ್ತಿತ್ತು, ಅವನು ನಿದ್ರಿಸುತ್ತಿದ್ದ. ಅಂದಿನಿಂದ ಆಸ್ಪತ್ರೆಯಿಂದ ಊರಿಗೆ ಹೊರಟವರ ಕೈಗೆ ಔಷಧಿಯ ಜೊತೆ ಒಂದು ಬೆಕ್ಕನ್ನೂ ಕೊಡತೊಡಗಿದರು. ವೈದ್ಯಕೀಯ ಇತಿಹಾಸದಲ್ಲಿ ಇಷ್ಟು ಸರಳವೂ ಇಷ್ಟು ಸರಿಯೂ ಆದ ಚಿಕಿತ್ಸೆಯನ್ನು ನಾನು ಬೇರೆಲ್ಲೂ ಓದಿಲ್ಲ.

ನಮ್ಮ ಹಿರಿಯರು ಈ ರೋಗದ ಹೆಸರನ್ನು ಬಾಯಲ್ಲಿ ಹೇಳಲೂ ಅಂಜಿ ‘ದೊಡ್ಡ ರೋಗ’ ಎನ್ನುತ್ತಿದ್ದರು. ಪುರಾಣದಲ್ಲಿ ಕೃಷ್ಣನ ಮಗ ಸಾಂಬನಿಗೆ ಇದು ಶಾಪವಾಗಿ ಬಂತು, ಸೂರ್ಯನ ಆರಾಧನೆಯಿಂದ ಹೋಯಿತು. ರೋಗವೇ ಪಾಪದ ಫಲವಾದರೆ ಬೆರಳು ಏಕೆ ಹೋಯಿತು ಎಂದು ಪ್ರತ್ಯೇಕವಾಗಿ ಕೇಳಬೇಕಾಗಿಲ್ಲ. ಉತ್ತರ ಮೊದಲೇ ಇದೆ. ಈ ದೋಷವನ್ನು ನಮ್ಮ ಪರಂಪರೆಯೊಂದರ ತಲೆಗೇ ಕಟ್ಟುವುದು ಸರಿಯಲ್ಲ. ಬ್ರ್ಯಾಂಡ್ ನಂಬಿದ ಗ್ರಂಥದ ಯಾಜಕಕಾಂಡದಲ್ಲೂ ಇಂಥ ಚರ್ಮರೋಗಿ ಅಶುದ್ಧ, ಪಾಳೆಯದ ಹೊರಗೆ ವಾಸಿಸಬೇಕಾದವನು. ಮಧ್ಯಯುಗದ ಕ್ರೈಸ್ತ ಯೂರೋಪಿನಲ್ಲಿ ಅವನು ಗಂಟೆಯನ್ನೋ ಗಿಲಕಿಯನ್ನೋ ಬಾರಿಸುತ್ತ ನಡೆಯಬೇಕಾಗಿತ್ತು. ಅದೇ ಗ್ರಂಥದಲ್ಲಿ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ, ಏಸು ಕುಷ್ಠರೋಗಿಯೊಬ್ಬನನ್ನು ಕೈಚಾಚಿ ಮುಟ್ಟುತ್ತಾನೆ. ಒಂದೇ ಧರ್ಮದಲ್ಲಿ ಎರಡು ದಾರಿಗಳಿದ್ದವು. ಬ್ರ್ಯಾಂಡ್ ಒಂದನ್ನು ಹಿಡಿದರು. ಆದ್ದರಿಂದ ನಂಬಿಕೆ ಅವರನ್ನು ರೂಪಿಸಿತು ಎನ್ನುವಾಗ ನಾನು ಆ ಆಯ್ಕೆಯನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಮುಟ್ಟುವುದು ಇಲ್ಲಿ ಬರಿಯ ಕರುಣೆಯ ಕುರುಹಲ್ಲ, ಸಂಶೋಧನೆಯ ಮೊದಲ ಹೆಜ್ಜೆ. ಮುಟ್ಟದೆ ಕೈಯ ಬಲ ತಿಳಿಯದು; ನರ ಊದಿದ್ದು ತಿಳಿಯದು; ಹುಣ್ಣಾಗುವ ಮುನ್ನ ಪಾದದ ಒಂದು ತಾಣ ಬಿಸಿಯಾಗಿರುವುದು ತಿಳಿಯದು. ಒಮ್ಮೆ ರೋಗಿಯೊಬ್ಬನ ಭುಜದ ಮೇಲೆ ಕೈಯಿಟ್ಟು ಚಿಕಿತ್ಸೆಯನ್ನು ವಿವರಿಸುತ್ತಿದ್ದಾಗ ಅವನು ಅಳತೊಡಗಿದ. ತಪ್ಪೇನಾಯಿತು ಎಂದು ಬ್ರ್ಯಾಂಡ್ ಗಾಬರಿಯಾದರು. ವರ್ಷಗಳಿಂದ ಯಾರೂ ತನ್ನನ್ನು ಮುಟ್ಟಿರಲಿಲ್ಲವಂತೆ ಎಂದು ಭಾಷಾಂತರ ಮಾಡುತ್ತಿದ್ದವರು ತಿಳಿಸಿದರು. ಧರ್ಮೋಪದೇಶಗಳಲ್ಲಿ ಈ ಪ್ರಸಂಗ ಸವೆದುಹೋಗುವಷ್ಟು ಬಳಕೆಯಾಗಿದೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು: ಇಷ್ಟು ಹಳೆಯ ರೋಗದ ಅತಿ ಸರಳ ಸಂಗತಿಗಳು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅರಿವಿಗೆ ಬರದೆ ಉಳಿದದ್ದರಲ್ಲಿ ಮುಟ್ಟಲು ಹೆದರಿದ ಕೈಗಳ ಪಾಲೂ ಇದೆ.

ಹೆದರಿಕೆ ಬ್ರ್ಯಾಂಡ್ ಅವರಿಗೂ ಇತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಮರಳಿ, ರೈಲಿನಲ್ಲಿ ದಣಿದು ಲಂಡನ್ ತಲುಪಿದ ರಾತ್ರಿ ಕಾಲುಚೀಲ ಕಳಚುವಾಗ ಒಂದು ಹಿಮ್ಮಡಿಗೆ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರು, ನೋವಿಲ್ಲ. ರೋಗ ತಮಗೂ ತಗುಲಿತು, ಇನ್ನು ಹೆಂಡತಿ ಮಕ್ಕಳಿಂದ ದೂರವಿರಬೇಕು ಎಂದು ರಾತ್ರಿಯಿಡೀ ಎಚ್ಚರವಿದ್ದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ಚೀರುವಷ್ಟು ನೋವಾಯಿತು. ರೈಲಿನಲ್ಲಿ ಕದಲದೆ ಕುಳಿತು ನರ ಮರಗಟ್ಟಿತ್ತಷ್ಟೆ. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಹೇಳಿದರು. ಅವರ ಚಿಂತನೆಯ ಕೇಂದ್ರ ಇಲ್ಲಿದೆ.

ದೇಹವನ್ನು ಒಬ್ಬ ಕರ್ತೃ ಯೋಚಿಸಿ ಮಾಡಿದ್ದಾನೆ ಎಂದು ಬ್ರ್ಯಾಂಡ್ ನಂಬಿದ್ದರು. ಗಾರೆಯವನಿಗೆ ಈ ನಂಬಿಕೆ ಸಹಜವಾಗಿ ಒಗ್ಗುತ್ತದೆ. ಗೋಡೆಯಲ್ಲಿ ಒಂದು ಕಲ್ಲು ಇದ್ದರೆ ಅದು ಏನನ್ನೋ ಹೊತ್ತಿರಬೇಕು. ಹಾಗಾದರೆ ನೋವು ಏನನ್ನು ಹೊತ್ತಿದೆ? ವೈದ್ಯನಿಗೆ ನೋವು ಹೋಗಲಾಡಿಸಬೇಕಾದ ಶತ್ರು. ಬ್ರ್ಯಾಂಡ್ ಅದನ್ನು ರಚನೆಯ ಒಂದು ಭಾಗವೆಂದು ನೋಡಿದರು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎದ್ದು ನಿಂತು, ಪ್ರಯೋಜನವನ್ನು ವಿವರಿಸಲು ಕರ್ತೃವೇಕೆ, ಡಾರ್ವಿನ್ ಸಾಲದೇ ಎಂದು ಕೇಳುತ್ತಾರೆ. ಸಾಕು. ನೋವಿನ ಎಚ್ಚರಿಕೆಯಿದ್ದ ಜೀವಿ ಉಳಿಯಿತು, ಇಲ್ಲದ್ದು ಅಳಿಯಿತು ಎಂಬ ವಿವರಣೆ ನನಗೂ ಒಪ್ಪಿಗೆ. ಕರ್ತೃವಿಲ್ಲದ ಲೋಕದಲ್ಲೂ ಬ್ರ್ಯಾಂಡ್ ಅವರ ಪ್ರತಿಯೊಂದು ಮಾಪನವೂ ನಿಲ್ಲುತ್ತದೆ. ಆದರೆ ಡಾರ್ವಿನ್ ಬರೆದು ಶತಮಾನವೇ ಆಗುತ್ತ ಬಂದಿದ್ದರೂ ಕುಷ್ಠಧಾಮದ ಅಂಗಳದಲ್ಲಿ ಆ ಪ್ರಶ್ನೆಯನ್ನು ಹಠ ಹಿಡಿದು ಕೇಳಿದವರು ಯಾರು? ಉತ್ತರ ಸರಿಯೇ ಎಂಬುದನ್ನು ಪ್ರಯೋಗ ತೀರ್ಮಾನಿಸುತ್ತದೆ. ಪ್ರಶ್ನೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪ್ರಯೋಗಶಾಲೆಯಲ್ಲಿ ನಿಯಮವಿಲ್ಲ. ಬ್ರ್ಯಾಂಡ್ ಅವರಲ್ಲಿ ಅದು ದೇವಶಾಸ್ತ್ರದಿಂದ ಬಂತು. ಇದನ್ನು ದಾಖಲಿಸುವುದರಿಂದ ವಿಜ್ಞಾನಕ್ಕೆ ಮೈಲಿಗೆಯಾಗುವುದಿಲ್ಲ.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ನಲ್ಲಿದ್ದ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಎಂಜಿನಿಯರುಗಳ ಜೊತೆ ಸೇರಿ ಕೃತಕ ನೋವನ್ನು ತಯಾರಿಸಲು ಹೊರಟರು. ಕೈಗವಸಿನಲ್ಲಿ, ಪಾದರಕ್ಷೆಯಲ್ಲಿ ಒತ್ತಡ ಅಳೆಯುವ ಸಾಧನಗಳನ್ನಿಟ್ಟು, ಅಪಾಯ ಬಂದಾಗ ಸಂಕೇತ ಹೊರಡಿಸುವ ವ್ಯವಸ್ಥೆ. ಮೊದಲು ಸದ್ದು ಮಾಡಿಸಿದರು, ದೀಪ ಉರಿಸಿದರು. ರೋಗಿಗಳು ಅದನ್ನು ಲೆಕ್ಕಿಸದೆ ಕೆಲಸ ಮುಂದುವರಿಸಿದರು. ಕೊನೆಗೆ ಸ್ಪರ್ಶವಿನ್ನೂ ಉಳಿದಿದ್ದ ಕಂಕುಳಿಗೆ ವಿದ್ಯುತ್ತಿನ ಚುರುಕು ಮುಟ್ಟಿಸಿದರು. ಹಿಡಿದ ಕೆಲಸ ಮುಗಿಸಬೇಕೆಂದಾಗ ರೋಗಿಗಳು ಸ್ವಿಚ್ಚನ್ನೇ ಆರಿಸಿದರು. ವರ್ಷಗಟ್ಟಲೆ ಶ್ರಮಪಟ್ಟು, ಸರ್ಕಾರದ ಹಣ ಸುರಿದು ಯೋಜನೆಯನ್ನು ಕೈಬಿಡಬೇಕಾಯಿತು. ನೋವಿನ ಗುಣವಿರುವುದೇ ಅದರ ಸ್ವಿಚ್ಚು ನಮ್ಮ ಕೈಯಲ್ಲಿ ಇಲ್ಲದಿರುವುದರಲ್ಲಿ ಎಂದು ಬ್ರ್ಯಾಂಡ್ ಬರೆದುಕೊಂಡರು. ಸೋತ ಪ್ರಯೋಗವೊಂದು ಇಷ್ಟು ಕಲಿಸಿದ್ದು ಕಡಿಮೆ.

ಇಲ್ಲಿಂದ ಮುಂದೆ ನಾನು ಅವರ ಜೊತೆ ಹೋಗಲಾರೆ. 1993ರಲ್ಲಿ ಫಿಲಿಪ್ ಯಾನ್ಸಿ ಅವರೊಡನೆ ಪ್ರಕಟಿಸಿದ ಪುಸ್ತಕದಲ್ಲಿ ಅವರು ನೋವನ್ನು ಯಾರೂ ಬಯಸದ ಕೊಡುಗೆ ಎಂದು ಕರೆದರು. ಬೀಗ ತೆರೆದ ಹುಡುಗನ ಮಟ್ಟಿಗೆ ಇದು ನಿಜ. ಕ್ಯಾನ್ಸರಿನ ಕೊನೆಯ ತಿಂಗಳುಗಳಲ್ಲಿ ಹಾಸಿಗೆ ಹಿಡಿದವರ ಪಕ್ಕ ಕುಳಿತವರು ಈ ಮಾತನ್ನು ಹೇಗೆ ಒಪ್ಪಬೇಕು? ಅಲ್ಲಿ ಎಚ್ಚರಿಕೆ ಎಂದೋ ಮುಗಿದಿದೆ, ಗಂಟೆ ಮಾತ್ರ ಬಾರಿಸುತ್ತಲೇ ಇದೆ. ದೀರ್ಘಕಾಲದ ನೋವಿನ ಸಮಸ್ಯೆಯನ್ನು ಬ್ರ್ಯಾಂಡ್ ಅರಿಯದವರಲ್ಲ, ಅದರ ಬಗ್ಗೆ ಬರೆದೂ ಇದ್ದಾರೆ. ಆದರೆ ಕೊಡುಗೆ ಎಂಬ ಪದ ಅವರ ಕೈಯಿಂದ ಜಾರಿ ಉಪದೇಶಕರ ಕೈಗೆ ಬಿದ್ದಾಗ ಸಂಕಟವನ್ನೇ ಕೊಂಡಾಡುವ ಹಳೆಯ ಚಾಳಿಗೆ ಹೊಸ ಆಧಾರವಾಗುತ್ತದೆ. ‘ಕರ್ಮ, ಅನುಭವಿಸಬೇಕು’ ಎನ್ನುವ ನಮ್ಮ ಮನೆಮಾತಿಗೂ ಅದಕ್ಕೂ ಬಹಳ ದೂರವಿಲ್ಲ. ನಮ್ಮ ದೇಶದಲ್ಲಿ ನೋವು ಶಮನಕ್ಕೆ ಮಾರ್ಫಿನ್ ಸಿಗದೆ ನರಳುವವರು ಇನ್ನೂ ಇದ್ದಾರೆ; ಅವರ ಮುಂದೆ ಈ ಪದವನ್ನು ಬಳಸಲು ನಾನು ಸಿದ್ಧನಿಲ್ಲ. ನಂಬಿಕೆಯೊಂದು ಸರಿಯಾದ ಪ್ರಶ್ನೆಯನ್ನು ಹುಟ್ಟಿಸಿತೆಂದು ಅದು ಕೊಡುವ ಎಲ್ಲ ಸಮಾಧಾನಗಳನ್ನೂ ಸ್ವೀಕರಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪವನ್ನು ಮುಂಬೈ, ಪುಣೆಯ ಗೆಳೆಯರು ಎತ್ತುತ್ತಾರೆಂದು ಬಲ್ಲೆ. ಇದಕ್ಕೆಲ್ಲ ಕ್ರೈಸ್ತ ನಂಬಿಕೆಯೇ ಬೇಕೇ? ಖಂಡಿತ ಬೇಡ. ಬ್ರ್ಯಾಂಡ್ ವೆಲ್ಲೂರಿನಲ್ಲಿ ಕೈಗಳನ್ನು ಬಿಚ್ಚುತ್ತಿದ್ದ ಕಾಲದಲ್ಲೇ ಬಾಬಾ ಆಮ್ಟೆ ವರೋರಾದ ಬಳಿ ಆನಂದವನವನ್ನು ಕಟ್ಟುತ್ತಿದ್ದರು. ಅದಕ್ಕೂ ಮೊದಲು ಸೇವಾಗ್ರಾಮದಲ್ಲಿ ಗಾಂಧೀಜಿ ಕುಷ್ಠರೋಗಿ ಪರಚುರೆ ಶಾಸ್ತ್ರಿಗಳಿಗೆ ಕುಟೀರ ಕಟ್ಟಿಸಿಕೊಟ್ಟು ತಾವೇ ಮೈ ಉಜ್ಜುತ್ತಿದ್ದರು. ಬೇರೆ ಬೇರೆ ಬಾವಿಗಳ ನೀರು. ಬ್ರ್ಯಾಂಡ್ ಅವರನ್ನು ನೆನೆಯುವುದೆಂದರೆ ಅವರ ಬಾವಿ ಯಾವುದೆಂದು ಹೇಳುವುದು, ಉಳಿದವುಗಳಿಗೆ ಮುಚ್ಚಳ ಹಾಕುವುದಲ್ಲ.

ಮತಾಂತರದ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಬಾರದು. ಬ್ರ್ಯಾಂಡ್ ತಮ್ಮ ನಂಬಿಕೆಯನ್ನು ಹೇಳಿಕೊಳ್ಳಲು ಸಂಕೋಚಪಟ್ಟವರಲ್ಲ, ಬೋಧಿಸಿದವರು, ಬರೆದವರು. ಎಲ್ಲರೂ ಹೊರಗಟ್ಟಿದ ರೋಗಿಯೊಬ್ಬನ ಮುಂದೆ ಆಸರೆ ಕೊಟ್ಟವನು ದೇವರ ಮಾತೆತ್ತಿದಾಗ ಆ ಮಾತಿಗೆ ಇರುವ ತೂಕ ಸಮಾನರ ನಡುವಿನ ಮಾತಿಗಿರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಕೇಳಬೇಕು. ಅದರ ಜೊತೆಗೇ, ಆ ರೋಗಿಯನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದವರು ಯಾರು ಎಂದೂ ಕೇಳಿಕೊಳ್ಳಬೇಕಾಗುತ್ತದೆ. ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳುವವರ ಕಳಕಳಿ ನನಗೆ ಅನುಮಾನ ಹುಟ್ಟಿಸುತ್ತದೆ.

ಏಕೆಂದರೆ ಬಿಚ್ಚಿದ ಕೈಯ ಕಥೆ ಸುಖವಾಗಿ ಮುಗಿಯಲಿಲ್ಲ. ಶಸ್ತ್ರಕ್ರಿಯೆಯಾದವರು ಕೆಲಕಾಲದ ಮೇಲೆ ಮರಳಿ ಬಂದು ಈ ಕೈಗಳು ಚೆನ್ನಾಗಿಲ್ಲ ಎಂದರು. ಬ್ರ್ಯಾಂಡ್ ಪರೀಕ್ಷಿಸಿದರು; ಬೆರಳುಗಳು ನೆಟ್ಟಗಿದ್ದವು. ಭಿಕ್ಷೆಗೆ ಚೆನ್ನಾಗಿಲ್ಲ ಎಂಬುದು ಅವರ ದೂರಾಗಿತ್ತು. ಮುರುಟಿದ ಕೈಗೆ ಕಾಸು ಬೀಳುತ್ತಿತ್ತು, ನೆಟ್ಟಗಾದ ಕೈಗೆ ಬೀಳಲಿಲ್ಲ. ಕೆಲಸವನ್ನಂತೂ ಯಾರೂ ಕೊಡಲಿಲ್ಲ. ಶಸ್ತ್ರವೈದ್ಯನ ಕತ್ತರಿ ಅಲ್ಲಿಗೆ ನಿಂತಿತು. ಆಗ ಎದ್ದು ಬಂದವನು ಹಳೆಯ ಬಡಗಿ. ಕಾಲೇಜಿನ ಆವರಣದಲ್ಲೇ ನವಜೀವ ನಿಲಯ ಎಂಬ ಪುಟ್ಟ ಕೇರಿಯನ್ನು ಕಟ್ಟಿ, ಸ್ಪರ್ಶವಿಲ್ಲದ ಕೈಗಳಿಗೆ ಗಾಯವಾಗದಂತೆ ಉಳಿ, ಗರಗಸ ಹಿಡಿಯುವುದನ್ನು ಬ್ರ್ಯಾಂಡ್ ಕಲಿಸಿದರು. ಉಪಕರಣಗಳ ಹಿಡಿಗಳನ್ನು ಬದಲಿಸಿದರು. ರೋಗಿಗಳು ಮರದ ಆಟಿಕೆಗಳನ್ನು ಮಾಡಿದರು. ಪಾದಗಳ ಕೆಳಗಿನ ಒತ್ತಡವನ್ನು ಹರಡುವ ಮೆತ್ತನೆಯ ಸೂಕ್ಷ್ಮರಂಧ್ರ ರಬ್ಬರಿನ ಚಪ್ಪಲಿಗಳು ಬಂದವು. 1955ರಲ್ಲಿ ವೆಲ್ಲೂರಿಗೆ ಸಮೀಪದ ಕರಿಗಿರಿಯಲ್ಲಿ ಕುಷ್ಠರೋಗ ಸಂಶೋಧನಾ ಕೇಂದ್ರ ಆರಂಭವಾಯಿತು.

ಈ ಕೆಲಸ ಒಬ್ಬರದಲ್ಲ ಎಂಬುದನ್ನು ಸಂತಚರಿತ್ರೆಗಳು ಮರೆಸುತ್ತವೆ. ಪತ್ನಿ ಮಾರ್ಗರೆಟ್ ನೇತ್ರವೈದ್ಯೆ. ಕುಷ್ಠರೋಗಿಯ ರೆಪ್ಪೆ ಮಿಟುಕುವುದನ್ನು ಮರೆತಾಗ ಕಣ್ಣು ಒಣಗಿ ಕುರುಡಾಗುತ್ತದೆ. ಅಗಿಯಲು ಬಳಸುವ ಕಣತಲೆಯ ಸ್ನಾಯುವಿನ ಒಂದೆಳೆಯನ್ನು ರೆಪ್ಪೆಗೆ ಕಟ್ಟಿ, ಬಾಯಿ ಅಗಿದಾಗಲೆಲ್ಲ ಕಣ್ಣು ಮುಚ್ಚುವಂತೆ ಮಾಡುತ್ತಿದ್ದರು. ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನವನ್ನೇ ಕಳೆದುಕೊಂಡರು. ಕುಳಿತೇ ಮಾಡಬಹುದಾದ ಶಸ್ತ್ರಕ್ರಿಯೆ ಕೈಯದು ಎಂದು ಬ್ರ್ಯಾಂಡ್ ಅವರನ್ನು ಹುರಿದುಂಬಿಸಿದರು. ಗಾಲಿಕುರ್ಚಿಯ ಮೇಲಿಂದಲೇ ಅವರು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ಮುಂದೆ ವೆಲ್ಲೂರಿನ ಪುನರ್ವಸತಿ ಚಿಕಿತ್ಸಾ ವಿಭಾಗವನ್ನು ಕಟ್ಟಿದರು. ಇನ್ನು ತಾಯಿ ಎವೆಲಿನ್ ಅವರದೇ ಬೇರೆ ಕಥೆ. ವಯಸ್ಸಾಯಿತೆಂದು ಮಿಷನ್ ನಿವೃತ್ತಿ ಕೊಟ್ಟಾಗ ಅವರು ಒಪ್ಪದೆ ಒಬ್ಬರೇ ಮತ್ತೆ ಮಲೆಗಳನ್ನು ಹತ್ತಿ, ಕುದುರೆಮರಿಯ ಮೇಲೆ ಹಳ್ಳಿಹಳ್ಳಿ ಸುತ್ತಿ, 1974ರಲ್ಲಿ ತೊಂಬತ್ತೈದು ವರ್ಷ ಬಾಳಿ ತೀರಿಕೊಂಡರು. ಗಂಡನ ಪಕ್ಕದಲ್ಲೇ, ಕೊಲ್ಲಿಮಲೆಯಲ್ಲೇ ಮಣ್ಣಾದರು.

ಈಗ ಇದನ್ನೆಲ್ಲ ನೆನೆಯುವ ತುರ್ತೇನು? ಕುಷ್ಠರೋಗ ಹೋಯಿತಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. 1982ರಿಂದ ಬಂದ ಬಹುಔಷಧ ಚಿಕಿತ್ಸೆ ರೋಗವನ್ನು ಗುಣಪಡಿಸುತ್ತದೆ, ನಿಜ. 2005ರಲ್ಲಿ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳಿದ್ದಾರೆಂಬ ಆಧಾರದ ಮೇಲೆ ನಿರ್ಮೂಲನೆಯನ್ನು ಘೋಷಿಸಿದ್ದೂ ನಿಜ. ಆದರೂ ಭಾರತದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮದು. ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಎಬ್ಬಿಸುವುದಿಲ್ಲ. ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶವಿತ್ತ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಬಲ್ಲದೆಂಬ ನಿಯಮವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಇಸವಿಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ರೋಗ ಗುಣವಾಗತೊಡಗಿ ದಶಕಗಳೇ ಕಳೆದ ಮೇಲೆ ಕಾನೂನಿಗೆ ಸುದ್ದಿ ತಲುಪಿದೆ.

ಕುಷ್ಠರೋಗ ನಮ್ಮ ಮನೆಯ ವಿಷಯವಲ್ಲ ಎನ್ನುವವರಿಗೂ ಬ್ರ್ಯಾಂಡ್ ಸಂಬಂಧಿಕರೇ. ಕಾರ್ವಿಲ್‌ನಲ್ಲಿ ಅವರ ಗಮನಕ್ಕೆ ಬಂದ ಸಂಗತಿಯೆಂದರೆ, ಸಕ್ಕರೆ ಕಾಯಿಲೆಯಿಂದ ನರ ಸೋತವರ ಪಾದಗಳು ವೆಲ್ಲೂರಿನ ಕುಷ್ಠರೋಗಿಗಳ ಪಾದಗಳಂತೆಯೇ ಹುಣ್ಣಾಗುತ್ತವೆ ಎಂಬುದು. ರಕ್ತ ಕೆಟ್ಟಿದೆ, ಪಾದ ಕತ್ತರಿಸಬೇಕು ಎನ್ನುತ್ತಿದ್ದ ಕಡೆಗಳಲ್ಲಿ ಅವರು ಪಾದಕ್ಕೆ ಮೈಗೊಪ್ಪುವ ಪ್ಲಾಸ್ಟರನ್ನು ಹಾಕಿಸಿ ಒತ್ತಡವನ್ನು ಹಂಚಿದರು, ಚಪ್ಪಲಿಯನ್ನು ಬದಲಿಸಿದರು. ಭಾರತದ ಬಡ ರೋಗಿಗಳ ಪಾದಗಳಲ್ಲಿ ಕಲಿತ ಪಾಠ ಅಮೆರಿಕದ ಸಕ್ಕರೆ ರೋಗಿಗಳ ಪಾದಗಳನ್ನು ಉಳಿಸಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಸಕ್ಕರೆ ರೋಗಿಗಳಿದ್ದಾರೆ. ನಮ್ಮ ಬಳಗದ ಸಭೆಗಳಲ್ಲಿ ಕಾಫಿಗೆ ಸಕ್ಕರೆ ಬೇಡ ಎನ್ನುವವರ ಸಂಖ್ಯೆಯನ್ನು ನೋಡಿದರೆ ಆ ಅಂದಾಜನ್ನು ಅನುಮಾನಿಸಲು ಕಾರಣವಿಲ್ಲ.

ಅಂಥವರು ಪಾದಗಳ ತಪಾಸಣೆಗೆ ಹೋದಾಗ ದಾದಿಯೊಬ್ಬಳು ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ, ನೈಲಾನಿನ ಗಡುಸಾದ ಒಂದು ಎಳೆಯನ್ನು ಹೆಬ್ಬೆರಳಿಗೂ ಅಂಗಾಲಿಗೂ ಒತ್ತುತ್ತಾಳೆ. ಹತ್ತು ಗ್ರಾಂ ಭಾರಕ್ಕೆ ಬಾಗುವಂತೆ ಅಳೆದು ಮಾಡಿದ ಎಳೆ ಅದು. ಅದರ ಒತ್ತು ತಿಳಿದರೆ ಪಾದಕ್ಕೆ ತನ್ನನ್ನು ಕಾಪಾಡಿಕೊಳ್ಳುವಷ್ಟು ಸ್ಪರ್ಶ ಉಳಿದಿದೆಯೆಂದು ಅರ್ಥ. ಆ ಹತ್ತು ಗ್ರಾಮಿನ ಗಡಿಯನ್ನು ಗೊತ್ತುಮಾಡಿದ ಕೆಲಸ ನಡೆದದ್ದು ಕಾರ್ವಿಲ್‌ನಲ್ಲಿ, ಕುಷ್ಠರೋಗಿಗಳ ಮತ್ತು ಸಕ್ಕರೆ ರೋಗಿ
ಗಳ ಪಾದಗಳ ಮೇಲೆ. ಎಳೆ ಸೋಕಿದಾಗ ‘ಹೂಂ’ ಎನ್ನಬೇಕು, ಅಷ್ಟೆ.